ಎಂಟು ಮಾರಿನ ಬದಿ

...ಕ್ಯಾನ್ವಾಸ್ ಅಂಗಡಿಗೆ ಹೀಗೇ ಹೋಗ್ಬೇಕಾ ಅಣ್ಣಾ? ನಿಮ್ಮ ಬೀಗದಂಗಡಿ ಮುಂದೆ ಎರಡನೇ ಸಲ ಹಾಯ್ತಿದ್ದೀವಿ, ಅದಕ್ಕೆ ಕೇಳ್ದೆ. ಇವಳು ನನ್ನ ತಂಗಿ. ಹುಟ್ಟಿದ್ದು, ಬೆಳೆದಿದ್ದು ಎಲ್ಲಾ ಈ ಊರಲ್ಲೇ. ದಾರಿ ಮಾತ್ರ ಹೊರಗಿಂದ ಬಂದ ನಾನು ಕೇಳ್ಬೇಕು. ಇವಳ ಅಂಗಳಕ್ಕೆ ಮೂರು ಮೂಲೆಯ ನೆರಳುಬಟ್ಟೆ ಹೊಲಿದು ಕಟ್ಟೋಣ ಅಂತ... ಹೌದಾ? ಗಿರಣಿ ದಾಟಿ ಎಡಕ್ಕೆ. ಸರಿ, ಬರ್ತೀವಿ.

ನಡಿ ಗುಬ್ಬಿ. ...ಯಾಕೆ ಕೂತೆ? ಮುಚ್ಚಿದ ಅಂಗಡಿ ಮೆಟ್ಟಿಲು ಕಂಡ್ರೆ ಸಾಕು ನಿನಗೆ. ಊರೂರಿನ ಬಂದರಲ್ಲಿ ಹಾಯಿ ಹೊಲಿದು ಬಂದ ನಾನು ನಿಂತಿದ್ದೀನಿ, ನಿನಗೆ ಕಾಲು ನೋವಂತೆ.

ದಾರದುಂಡೆ ಯಾಕೀಗ? ಒಳಗಿಡು. ಅಂಗಡಿ ಮುಚ್ಚಿಬಿಡ್ತಾನೆ... ಅಮ್ಮನ ಮಾತು ನನಗೂ ನೆನಪಿದೆ ಕಣೆ. ಮೊದಲು ದಾರ, ಆಮೇಲೆ ಕತ್ತರಿ. ಮೂರು ಬದಿಗೆ ಮೂರು ತುಂಡು, ಒಂದು ಮಾರಿಗೆ ಒಂದು ಬೆರಳಗಲ ದಾರ. ಉದ್ದದ ತುಂಡು ನೆಲಕ್ಕೆ ಮಲಗಲಿ, ಅದರ ಆ ತುದಿಯಿಂದೊಂದು, ಈ ತುದಿಯಿಂದೊಂದು ಗಿಡ್ಡವನ್ನ ಅದರ ಮೇಲೆ ಎದುರುಬದುರು ಚಾಚು. ಅವೆರಡೂ ಒಂದನ್ನೊಂದು ದಾಟಿದ್ರೆ ಮೂಲೆ ಎದ್ದು ನಿಲ್ಲುತ್ತೆ. ದಾಟದಿದ್ರೆ ಬಟ್ಟೆ ಮುಟ್ಬೇಡ. ಒಂದು ಟೇಪು ತಗೋಬಾರದಾ ಅಂದ್ರೆ ಎರಡೂ ಕೈ ಅಗಲಿಸಿ ನಿಂತ್ಕೊಳ್ಳೋಳು, ಇದೇ ಒಂದು ಮಾರು, ಟೇಪು ಯಾಕೆ ಅಂತ.

ಹಲ್ಲಲ್ಲಿ ಕಡಿ. ಅಮ್ಮನ ಕತ್ತರಿ ದಾರಕ್ಕಲ್ಲ. ...ಮುಖ ಯಾಕೆ ಊದಿಸ್ಕೊಂಡೆ? ನಿಂದೇ ಅದು. ಅಮ್ಮ ನಿನಗೇ ಅಂತ ಹೇಳಿ ಹೋದ್ಲು, ನಾನು ಎತ್ಕೊಂಡು ಹೋದೆ, ಇಲ್ಲ ಅಂದ್ನಾ? ನನ್ನ ತಿರುಗಾಟ ನಿಂತ ದಿನ ನಿನ್ನ ಕೈಗೆ ಅಂತ ಆಗ್ಲೇ ಮಾತು ಕೊಟ್ಟಿದ್ದೆ. ನಿಂತಿಲ್ವಲ್ಲ. ಬರೋ ವಾರ ಮತ್ತೆ ಬಂದರಿಗೆ, ಹೇಳಿದ್ನಲ್ಲ.

ಸರಿ, ಎಣಿಸು. ನೀನು ಅಳೆದದ್ದು, ಬಾಗಿಲಿಂದ ಕಂಬಕ್ಕೆ ಮೂರು ಮಾರು. ಕಂಬದಿಂದ ಗೋಡೆಯ ಕೊಂಡಿಗೆ ನಾಲ್ಕು. ನಾನು ಹಗ್ಗ ಎಳೆದು ಅಳೆದದ್ದು, ಆ ಕೊಂಡಿಯಿಂದ ಬಾಗಿಲಿಗೆ ಎಂಟು. ...ಹೌದು, ಎಂಟೇ. ನೀನು ಒಳಗೆ ಹಾಲು ಕಾಯಿಸ್ತಿದ್ದೆ.

ಯಾಕೆ ನಗ್ತೀಯ? ಕಾಣ್ತಿದೆ, ನನಗೇನು ಕಣ್ಣಿಲ್ವಾ. ಗಿಡ್ಡ ದಾರಗಳ ಮಧ್ಯೆ ಒಂದು ಬೆರಳು ಜಾಗ ಬಾಯಿ ಬಿಟ್ಕೊಂಡು ಕೂತಿದೆ. ಎಲ್ಲೋ ಹಗ್ಗ ಜೋತಿರ್ಬೇಕು. ಏಳು ಅಂತಲೇ ಇಟ್ಕೋ... ಇಲ್ಲ, ಏಳಾದ್ರೂ ಪ್ರಯೋಜನ ಇಲ್ಲ. ತುದಿಗೆ ತುದಿ ತಾಗುತ್ತೆ, ಅಷ್ಟೇ. ಎರಡೂ ಹಾಗೇ ಉದ್ದದ್ದರ ಮೇಲೆ ಮಲಗಿಬಿಡ್ತವೆ. ಮೂರು ಮೂಲೆ ಹೋಗಿ ಒಂದು ಗೆರೆ. ಅದರ ನೆರಳಲ್ಲಿ ಇರುವೆ ಸಾಲು ಬೇಕಾದ್ರೆ ತಣ್ಣಗಿರಬಹುದು.

ನೀನೇ ತಪ್ಪು ಎಣಿಸಿರ್ಬೇಕು. ...ಎರಡೆರಡು ಸಲ ಅಳೆದ್ಯಾ. ಹಾಗಾದ್ರೆ ನಿನ್ನ ಮಾರೇ ದೊಡ್ಡದು ಬಿಡು. ...ಗೊತ್ತು. ಇಬ್ಬರನ್ನೂ ಗೋಡೆಗೆ ಒರಗಿಸಿ, ಕೈ ಚಾಚಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದ್ಲು ಅಮ್ಮ. ಕೂದಲೆಳೆಯಷ್ಟೂ ವ್ಯತ್ಯಾಸ ಇರ್ಲಿಲ್ಲ.

ನಗು ಎಲ್ಲಿ ಹೋಯ್ತು?

ನನ್ನ ಕೈ ಯಾಕೆ ನೋಡ್ತೀಯ? ...ಇಲ್ಲೇ? ನಡುರಸ್ತೇಲಿ ಕೈ ಚಾಚಿ ನಿಲ್ಲೋಕೆ ನಾನೇನು ಬಟ್ಟೆ ಒಣಹಾಕೋ ತಂತಿನಾ? ಬೀಗದವನು ಹುಚ್ಚಿ ಅಂತಾನೆ. ...ನೋಡು, ಬಲಗೈ. ಪೂರ್ತಿ ಬಂತಾ? ಇನ್ನು ಎಡಗೈ... ಬ್ಯಾಗ್ ಭಾರ ಕಣೆ.

ಹೌದು. ಬ್ಯಾಗ್ ಬಲಹೆಗಲಲ್ಲೇ ಇದೆ.

ಮುಟ್ಬೇಡ. ಇಷ್ಟೇ ಏಳೋದು ಅದು, ಸೊಂಟದ ಮಟ್ಟ. ಬೆಳಿಗ್ಗೆ ಅಂದೆನಲ್ಲ, ಚಿಕ್ಕೋರಿದ್ದಾಗಿನ ಹಾಗೆ ತಲೆ ಬಾಚು ಅಂತ. ನೀನು ಎಷ್ಟು ಖುಷಿಯಾಗಿ ಸಿಕ್ಕು ಬಿಡಿಸ್ದೆ, ಅಕ್ಕನಿಗೆ ಈಗಲಾದ್ರೂ ಪ್ರೀತಿ ಬಂತಲ್ಲ ಅಂತ... ಕೈ ತಲೆಗೆ ಹೋಗ್ತಿರ್ಲಿಲ್ಲ ಗುಬ್ಬಿ.

ಹೋದ ಸಲ ಎದೆ ಕೊಯ್ದು ತೆಗೆದ್ರು, ಮುಗೀತು ಅಂತ ಫೋನಲ್ಲಿ ಹೇಳಿದ್ದೆ. ಮುಗಿದಿಲ್ಲ. ಈಗ ಮೂಳೆಗೆ ಹೋಗಿದೆಯಂತೆ. ಒಬ್ಬರು ಸಾಲದು ಅಂತ ಬಂದರು ಬಂದರಲ್ಲೂ ತೋರಿಸ್ದೆ. ಭಾಷೆ ಬೇರೆ, ಬಣ್ಣ ಬೇರೆ, ಡಾಕ್ಟ್ರುಗಳೆಲ್ಲ ಮೊದಲು ಕುರ್ಚಿ ತೋರಿಸ್ತಾರೆ. ಕೂತ್ಕೊಳ್ಳಿ ಅಂದಾಗಲೇ ಎದ್ದು ಬರಬಹುದು, ಮಿಕ್ಕಿದ್ದು ಗೊತ್ತಾಗಿರುತ್ತೆ. ...ಮಾತ್ರೆ ಕೊಟ್ಟಿದ್ದಾರೆ. ನೋವಿಗೆ. ಇಲ್ಲ, ನೋವಿಗೆ ಮಾತ್ರ.

ನೆರಳು ಕಟ್ಟಿ, ಅದರ ಕೆಳಗೆ ಕೂತು ಹೇಳೋಣ ಅಂತಿದ್ದೆ.

...ಹಾಗೆ ನೋಡ್ಬೇಡ. ಸರಿ, ಸುಳ್ಳು. ಕಟ್ಟಿ ಹೊರಟುಬಿಡ್ತಿದ್ದೆ. ನೀನು ವರ್ಷಾನುಗಟ್ಟಲೆ ಆ ನೆರಳಲ್ಲಿ ಕೂತು, ಯಾವ ಬಂದರಲ್ಲಿ ಮೆರೀತಿದ್ದಾಳೋ ಮಹಾರಾಣಿ ಅಂತ ನನ್ನ ಬೈಕೊಂಡಿರ್ತಿದ್ದೆ. ಅದು ಚೆನ್ನಾಗಿರ್ತಿತ್ತು.

ಈಗಲೇ ಬೈಯಿ ಬೇಕಾದ್ರೆ. ದಾರದ ತುಂಡು ಯಾಕೆ ಎತ್ತಿ ಸುತ್ತಿಡ್ತೀಯ ಗುಬ್ಬಿ?

ಹೋಗ್ಲಿ. ಈ ಬ್ಯಾಗಿನ ಬಕಲ್ ಬಿಚ್ಚು, ನನಗೆ ಒಂದೇ ಕೈಲಿ ಆಗಲ್ಲ. ತಳದಲ್ಲಿ, ಹಳೇ ಶಾಲಲ್ಲಿ ಸುತ್ತಿದೆ. ...ಅದೇ. ಕೊಂಡಿಯಿಂದ ಬಾಗಿಲಿಗಿನ ಬದಿ ನಾಳೆ ನೀನೇ ಅಳೆ, ನನ್ನ ಮಾರು ಈಗ ಗಿಡ್ಡ. ಆರು ಮಾರಿಗೆ ಬರುತ್ತೆ, ಮೂಲೆ ಏಳುತ್ತೆ. ಹೊಲಿಯೋದು ನಿನಗೆ ಬರದೇ ಏನು.

ನನಗೇ ವಾಪಸ್ ತುರುಕ್ಬೇಡ. ನಿಂದು ತಗೋ. ಎರಡೂ ಕೈಲಿ ಹಿಡಿ, ಅಮ್ಮನ ಕತ್ತರಿ ಭಾರ ಇದೆ.