ಓರಗಿತ್ತಿಯ ಹಾಲಿನ ಫ್ಯಾಟು

ಬೂದಿಕೋಟೆಯಲ್ಲಿ ಬಂಗಾರಪೇಟೆಯ ಬಸ್ಸಿಗೆ ಕಾಯುತ್ತಿದ್ದ ಚಿಕ್ಕವೆಂಕಟಮ್ಮ, ಡೇರಿಯ ಹೊಸ ಕಂಪ್ಯೂಟರು ಹಾಲಿನ ಕೊಬ್ಬು ಅಳೆದು ಕೊಟ್ಟ ಚೀಟಿಯನ್ನು ಗೆಳತಿ ಅಕ್ಕಯ್ಯಮ್ಮನಿಗೆ ತೋರಿಸುತ್ತಿದ್ದಳು.

“ನನ್ನ ಆಲಿಗೆ ಮೂರೂವರೆ ಫ್ಯಾಟು. ನಮ್ಮ ಓರಗಿತ್ತೀದು ನಾಲ್ಕೂವರೆ. ಒಟ್ಟೆ ಉರೀತದೆ ಕಣೇ.”

“ಡೇರಿ ಸೆಕ್ರೆಟ್ರಿ ಅವಳಿಗೆ ಜಾಸ್ತಿ ಬರೀತಾನೆ ಅಂತಿದ್ದೆಯಲ್ಲ?”

“ಅವನು ಕೈಯಲ್ಲಿ ಬರೆಯೋವಾಗ ಅಂದಿದ್ದೆ. ಈಗ ಮಿಷನ್ನೇ ಅಳೆದು ಅಚ್ಚಾಕ್ತದೆ. ಅದಕ್ಕೆ ನಮ್ಮ ನಂಬರು ಗೊತ್ತು, ಮಕ ಗೊತ್ತಿಲ್ಲ.”

“ನಿಮ್ಮಿಬ್ಬರ ಅಸೂನೂ ಒಂದೇ ತಾಯಿದಲ್ವೇನೇ?”

“ಊಂ. ಮನೆ ಪಾಲಾದಾಗ ನಾನೇ ಮೊದಲು ಆರಿಸ್ಕೊಂಡೆ.”

“ಅಂಗಾದ್ರೆ ಏನು ತಿನ್ನುಸ್ತೀಯ ಅಂತ ಅವಳನ್ನೇ ಕೇಳು.”

“ಮಾತು ಬಿಟ್ಟು ಮೂರು ವರ್ಷ ಆಯ್ತು. ನಿನ್ನ ಅಸೂಗೆ ಅಂತ ನೀನೇ ಕೇಳ್ಕೊಂಡು ಬಾ.”

“ನಂಗೆಲ್ಲೈತೆ ಅಸು?”

ಬಸ್ಸು ಬಂತು. ಚಿಕ್ಕವೆಂಕಟಮ್ಮ ಮೆಟ್ಟಿಲು ಹತ್ತುತ್ತ ಹಿಂತಿರುಗಿದಳು.

“ಒಂದು ಅಸು ತಗೊಳ್ಳೋಳಿದೀನಿ ಅನ್ನು. ನಾನು ಕಳಿಸ್ದೆ ಅಂತ ಮಾತ್ರ ಬಾಯಿ ಬಿಡಬೇಡ.”