ಒಂದೇ ಬೆರಳಲ್ಲಿ ತಿರುಗುವ ಸ್ಟೇರಿಂಗು

ಆ ಲೋಟ ಅತ್ತ ಸರಿಸು ಅಕ್ಕ. ಬಾನೆಟ್ ಮೇಲೆ ಇಡಬೇಡ, ನನ್ನ ಹತ್ತಿರಾನೂ ತರಬೇಡ. ಹಾಲಿನ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತೆ. ...ಯಾಕೆ ಅಂದರೆ? ಪವರ್ ಸ್ಟೇರಿಂಗಿನ ಎಣ್ಣೆ ಬಾಯಿಗೆ ಹೋಗಿತ್ತು ಕಣೆ. ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿತ್ತು, ಬಾಯಿಟ್ಟು ಎಳೆದೆ, ಒಂದು ಗುಟುಕು ಸೀದಾ ಒಳಗೆ. ಕೆಂಪಗೆ, ಜಿಡ್ಡುಜಿಡ್ಡಾಗಿ... ಥೂ. ಇವತ್ತಿಗೂ ಏನು ತಿಂದರೂ ಅದೇ ತೇಗು.

ನಗು, ನಗು. ನಿನಗೇನು, ಹದಿನೈದು ದಿನ ಚಿಕ್ಕಮ್ಮನ ಮನೆಯಲ್ಲಿ ಕೂತು ಭುಜಕ್ಕೆ ಶಾಖ ಕೊಡಿಸಿಕೊಂಡು ಬಂದೆ. ನಾನು ಇಲ್ಲಿ ಈ ಗಾಡಿಗೆ ಪವರ್ ಸ್ಟೇರಿಂಗ್ ಕೂರಿಸೋಕೆ ಅಂತ ಶೆಡ್ಡಿನ ನೆಲದ ಮೇಲೆ ಹಂದಿ ಹೊರಳಾಡಿದ ಹಾಗೆ ಹೊರಳಾಡಿದ್ದೇನೆ. ಅಪ್ಪ ಈ ಗಾಡಿಯ ಮೇಲ್ಭಾಗವನ್ನು ಕನ್ನಡಿ ಹಾಗೆ ಇಟ್ಟಿದ್ದ, ಒಪ್ಪುತ್ತೇನೆ. ಕೆಳಗೆ ಒಂದು ದಿನವಾದರೂ ಬಗ್ಗಿ ನೋಡಿದ್ದನಾ? ನಲವತ್ತು ವರ್ಷದ ಗ್ರೀಸು, ಬೆರಳು ದಪ್ಪ. ಅದರಲ್ಲಿ ಕೋಳಿ ಪುಕ್ಕ, ಕೂದಲು, ಒಂದು ಸತ್ತ ಜಿರಲೆ ಸಂಸಾರ. ಸ್ಟೇರಿಂಗ್ ಕಂಬಿಯ ಬುಡದಲ್ಲಿ ಇಲಿಗೂಡು. ಯಾವುದರಿಂದ ಕಟ್ಟಿತ್ತು ಗೊತ್ತಾ ಇಲಿ? ಅಪ್ಪನ ಕರ್ಚೀಫಿನಿಂದ. ಆ ನೀಲಿ ಅಂಚಿನದು. ಮೂಗು ಮುಚ್ಚಿಕೊಂಡು ಎಳೆದು ಬಿಸಾಕಿದೆ.

ಹೂಂ, ಬಿಸಾಕಿದೆ. ಅದನ್ನು ಇಟ್ಟುಕೊಂಡು ಏನು ಮಾಡಲಿ, ಮುಖ ಒರೆಸಿಕೊಳ್ಳಲಾ?

ಈ ಬೀದಿಯ ಜನ ಇನ್ನೊಂದು ಹೇಸಿಗೆ. ಒಬ್ಬರಿಗೂ ಕೆಲಸವಿಲ್ಲ. ಆ ರಿಟೈರಾದ ಗುಮಾಸ್ತರು ದಿನಾ ಸಾಯಂಕಾಲ ಶೆಡ್ಡಿನ ಬಾಗಿಲಲ್ಲಿ ನಿಂತು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಇದು ನಿನ್ನಿಂದ ಆಗೋ ಕೆಲಸವಲ್ಲಪ್ಪ ಅಂತ ಹೇಳಿ ಹೋಗುವುದು. ಫೋನಿನ ವಿಡಿಯೋದಲ್ಲಿ ಕಲಿಸುವವನನ್ನು ನೋಡಬೇಕು ನೀನು. ಉಗುರಲ್ಲಿ ಒಂದು ಚೂರು ಕೊಳೆ ಇಲ್ಲ, ತುಂಬಾ ಸುಲಭ ಸ್ನೇಹಿತರೇ ಅಂತ ಹಲ್ಲು ಕಿರೀತಾನೆ. ಬಾ ಇಲ್ಲಿ, ನಮ್ಮ ಇಲಿಗೂಡಿಗೆ ಕೈ ಹಾಕು ಸ್ನೇಹಿತ. ಗುಜರಿ ಅಂಗಡಿಯವನೋ, ಬೆಂಕಿಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಾ, ಅದೇ ಕಡ್ಡಿಯಿಂದ ನನ್ನನ್ನು ತೋರಿಸಿ, ಯಾವ ಗಾಡಿಗೆ ಬೇಕು ಸ್ಟೇರಿಂಗ್ ಬಾಕ್ಸು, ಹೊಸಬನಾ ನೀನು ಅಂತ ಕೇಳಿದ. ನನ್ನನ್ನು! ಹದಿನಾಲ್ಕನೇ ವಯಸ್ಸಿಗೆ ಅಜ್ಜಿ ಊರಲ್ಲಿ ಬಾವಿ ಪಂಪು ಬಿಚ್ಚಿ ಜೋಡಿಸಿದವನನ್ನು. ನಿನಗ್ಯಾಕಯ್ಯ ಯಾವ ಗಾಡಿ, ಚೆನ್ನಾಗಿರೋದು ಕೊಡು ಅಂದೆ. ಕೊಟ್ಟ.

ಮಾಡಿದೆನೋ ಇಲ್ಲವೋ? ಪಂಪು ಕೂರಿಸಿದೆ, ಬೆಲ್ಟು ಹಾಕಿದೆ, ಹಳೇ ಬಾಕ್ಸ್ ಬಿಚ್ಚಿ ಹೊಸದು ಬಿಗಿದೆ. ಒಂಬತ್ತನೇ ದಿನ ಎಂಜಿನ್ ಚಾಲೂ ಮಾಡಿ ಇಡೀ ಬೀದಿಯನ್ನು ಕರೆದು, ನೋಡ್ರಪ್ಪ ಅಂತ ಒಂದೇ ಬೆರಳಲ್ಲಿ, ಈ ಕಿರುಬೆರಳಲ್ಲಿ, ಸ್ಟೇರಿಂಗ್ ಚಕ್ರ ಆ ತುದಿಯಿಂದ ಈ ತುದಿಗೆ ತಿರುಗಿಸಿದೆ. ಬೆಣ್ಣೆ. ಗುಮಾಸ್ತರ ಬಾಯಿ ಹೊಲಿದ ಹಾಗಾಯಿತು. ನೀನು ಅದನ್ನು ತಿರುಗಿಸಿ ತಿರುಗಿಸಿ ಭುಜ ಕಳಕೊಂಡೆಯಲ್ಲ, ಅದೇ ಸ್ಟೇರಿಂಗು.

ಮಡ್ಗಾರ್ಡು ನಜ್ಜುಗುಜ್ಜಾಗಿದ್ದು ನೋಡಿದೆಯಾ. ನೋಡು. ಮುದುಕಿ ಹೇಳಿರಬೇಕಲ್ಲ ನಿನಗೆ, ಹಾಲಿನ ಲೋಟ ನಿನ್ನ ಕೈಗೇ ಕೊಟ್ಟು ಕಳಿಸಿದ ಮೇಲೆ? ಟೈಲರನ ತಾಯಿ ಬಾಯಿ ಸುಮ್ಮನಿರುತ್ತಾ. ಮೊನ್ನೆಯಿಂದ ಬೀದಿಗೆಲ್ಲ ಡಂಗುರ, ಈ ಹುಡುಗ ನನ್ನ ಜೀವ ಉಳಿಸಿದ ಅಂತ. ದಿನಾ ಬೆಳಿಗ್ಗೆ ಒಂದು ಲೋಟ. ಇವತ್ತು ಬೆಳಿಗ್ಗೆ ನಾನು ಕದ ತೆಗೆಯಲಿಲ್ಲ, ಸಾಯಂಕಾಲ ನೀನು ಸಿಕ್ಕಿದೆ.

ಆಗಿದ್ದು ಇಷ್ಟೇ. ಅವತ್ತು ಬೆಳಿಗ್ಗೆ ಟ್ರಯಲ್ಲಿಗೆ ತೆಗೆದಿದ್ದೆ. ಟೈಲರನ ಮನೆ ಹತ್ತಿರ ಬರುವುದಕ್ಕೂ ಮುದುಕಿ ಬಕೆಟ್ ಹಿಡಿದುಕೊಂಡು ನಡುಬೀದಿಗೆ ಇಳಿಯುವುದಕ್ಕೂ ಸರಿಹೋಯಿತು. ಅವಳಿಗೆ ಎರಡೂ ಕಣ್ಣಲ್ಲಿ ಪೊರೆ, ಎದುರಿಗೆ ಆನೆ ಬಂದರೂ ಕಾಣಲ್ಲ. ಬಲಗಡೆ ಹೋಗೋಣ ಅಂದರೆ ಚರಂಡಿ. ಬೇರೆಯವನಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದ. ನಾನು ಎಡಕ್ಕೆ ಎಳೆದು ಅವಳ ಮನೆ ಗೋಡೆಗೇ ಕೊಟ್ಟೆ. ಗಾಡಿ ಹೋದರೆ ಹೋಗಲಿ ಅಂತ.

ಏನು ಹುಡುಕ್ತಿದ್ದೀಯ ಬಂಪರಿನ ಹಿಂದೆ? ಕೈ ಕುಯ್ದುಕೊಳ್ತೀಯ. ...ಅದಾ. ಬಕೆಟ್ಟಿನ ಚೂರಿರಬೇಕು. ಕೆಂಪು ಬಕೆಟ್ಟು, ಅಪ್ಪಚ್ಚಿಯಾಯಿತು. ...ಹಾರಿ ಬಂದು ಸಿಕ್ಕಿಕೊಂಡಿರುತ್ತೆ. ...ನಡುಬೀದಿಯಲ್ಲಿದ್ದ ಬಕೆಟ್ಟು ಗೋಡೆಗೂ ಬಂಪರಿಗೂ ನಡುವೆ ಹೇಗೆ ಬಂತು ಅಂದರೆ ನಾನೇನು ಹೇಳಲಿ ಅಕ್ಕ? ಬಕೆಟ್ಟು ಉರುಳಲ್ವಾ? ಗುಂಡಗಿರುತ್ತೆ, ಉರುಳುತ್ತೆ.

ಹಾಗೆ ನೋಡಬೇಡ.

ಸರಿ, ಒಂದು ಮಾತು ಹೇಳ್ತೀನಿ ಕೇಳು, ಯೋಚನೆ ಮಾಡಿ ಇಟ್ಟಿದ್ದೇನೆ. ಇನ್ನು ಮೇಲೆ ನೀನು ಓಡಿಸುವುದೇ ಬೇಡ. ನಾಳೆಯಿಂದ ಸ್ಕೂಲ್ ಮಕ್ಕಳನ್ನು ನಾನೇ ಬಿಟ್ಟು ಬರ್ತೀನಿ. ಆರು ಮಕ್ಕಳು ತಾನೇ? ನೀನು ಹಿಂದಿನ ಸೀಟಲ್ಲಿ ಮಹಾರಾಣಿ ಹಾಗೆ ಕೂತು ಬಾ. ...ಓಡಿಸೋಕೆ ಬರುತ್ತೆ ನನಗೆ. ಈಗ ಬರುತ್ತೆ. ಕಲಿತೆ. ಯಾರು ಕಲಿಸಿದರು ಅಂತ ಕೇಳಬೇಡ, ಅಪ್ಪನಂತೂ ಅಲ್ಲ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ನಾನು ರಜಕ್ಕೆ ಅಜ್ಜಿ ಊರಿಂದ ಬಂದಾಗ ಒಂದೇ ಒಂದು ಸಲ ಚಕ್ರ ಹಿಡಿದರೆ ಕೈಮೇಲೆ ಪಟ್ ಅಂತ ಕೊಟ್ಟ. ಇದು ನೇಗಿಲಲ್ಲ ಕಣೋ, ಬಿಡು ಅಂದ. ನೀನೂ ನಕ್ಕೆ. ನೆನಪಿಲ್ವಾ? ನನಗಿದೆ.

ಕೀಲಿಕೈ ಯಾಕೀಗ? ನನ್ನ ಹತ್ತಿರ ಇಲ್ಲ, ಒಳಗೆಲ್ಲೋ ಇದೆ. ...ಓ. ನಿನ್ನ ಹತ್ತಿರ ಒಂದು ಇದೆಯಲ್ಲ. ಅಪ್ಪ ನಿನಗೆ ಎರಡನೇದು ಮಾಡಿಸಿಕೊಟ್ಟಿದ್ದ, ಮರೆತೇ ಹೋಗಿತ್ತು.

ಇಳಿ ಅಕ್ಕ. ಭುಜ ಇನ್ನೂ ಹಸಿ ನಿಂದು. ನಾಳೆ ನೋಡುವಿಯಂತೆ. ಬೆಲ್ಟು ಹೊಸದು, ಎರಡು ದಿನ ಕೂರಬೇಕು ಅದು. ಎಂಜಿನ್ ಬಿಸಿಯಾದರೆ... ಬೇಡ ಅಂದೆನಲ್ಲ.

ಹೂಂ. ಕೇಳು ಸದ್ದು. ಪಂಪಿನ ಸದ್ದು ಬರುತ್ತಿದೆಯಾ? ಬರಲ್ಲ, ಅಷ್ಟು ನಯವಾಗಿ ಕೂರಿಸಿದ್ದೇನೆ. ತಿರುಗಿಸು, ಒಂದೇ ಕೈಯಲ್ಲಿ ತಿರುಗಿಸು. ಭುಜಕ್ಕೆ ಗೊತ್ತಾಯಿತಾ? ಇಲ್ಲ ತಾನೇ? ಹೇಳಲಿಲ್ವಾ ನಾನು. ಸಾಕು, ಆರಿಸಿಬಿಡು ಇನ್ನು.

ಹೊರಗೆ ಬಗ್ಗಿ ಏನು ನೋಡ್ತಿದ್ದೀಯ? ಟೈರಲ್ಲಿ ಏನಿದೆ ನೋಡೋಕೆ? ಚಕ್ರ ನೋಡಕ್ಕ, ಕೈಯಲ್ಲಿರೋದನ್ನು ನೋಡು, ಎಷ್ಟು ಹಗುರ...

ಇನ್ನೊಂದು ಸಲ ಬೇಡ.

ನೀನು ಎಷ್ಟು ಸಲ ತಿರುಗಿಸಿದರೂ ಅದು ಹಾಗೇನೇ. ಬಲಕ್ಕೆ ತಿರುಗಿಸಿದರೆ ಟೈರು ಎಡಕ್ಕೆ ಹೋಗುತ್ತೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಗುಜರಿಯವನು ಕೊಟ್ಟಿದ್ದು ಬೇರೆ ಗಾಡಿದು. ಆ ಗಾಡಿಗಳಲ್ಲಿ ಟೈರು ತಿರುಗಿಸುವ ಬಾಕ್ಸಿನ ತೋಳು ಮುಂದಕ್ಕೆ ಇರುತ್ತಂತೆ, ನಮ್ಮದರಲ್ಲಿ ಹಿಂದಕ್ಕೆ. ಯಾವ ಗಾಡಿಗೆ ಅಂತ ಅವನು ಕೇಳಿದ್ದು ಅದಕ್ಕೇ. ಹೇಳಿದ್ದರೆ ಸರಿಯಾದದ್ದು ಕೊಡುತ್ತಿದ್ದ. ಹೊಸಬನಾ ಅಂದನಲ್ಲ, ಮೈ ಉರಿದುಹೋಯಿತು.

ಯಾವಾಗ ಗೊತ್ತಾಯಿತು ಅಂದರೆ... ಅವತ್ತೇ. ಬೀದಿಯವರು ಚಪ್ಪಾಳೆ ತಟ್ಟಿ ಹೋದ ಮೇಲೆ. ಎಲ್ಲರೂ ನನ್ನ ಬೆರಳು ನೋಡಿದರು ಅಕ್ಕ, ಟೈರು ಒಬ್ಬರೂ ನೋಡಲಿಲ್ಲ. ನಾನೂ ನೋಡಿರಲಿಲ್ಲ. ಮತ್ತೆ ಬಿಚ್ಚಿದರೆ ಗುಮಾಸ್ತರು ಬರುತ್ತಾರೆ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಕೊಳ್ಳುತ್ತಾರೆ. ಅದಕ್ಕೇ ಬಿಚ್ಚಲಿಲ್ಲ. ರೂಢಿ ಮಾಡಿಕೊಂಡುಬಿಡೋಣ ಅಂದುಕೊಂಡೆ. ಎರಡು ದಿನ ಬೆಳಗಾಗುತ್ತಲೇ ಸ್ಕೂಲಿನ ಬಯಲಿಗೆ ತಗೊಂಡು ಹೋದೆ. ನಿನಗಾಗಿದ್ದರೆ ಆಗುತ್ತಿರಲಿಲ್ಲ, ನಿನ್ನ ಕೈಗೆ ಸರಿಯಾದ್ದು ಗೊತ್ತಿದೆ. ನನಗೆ ಯಾವುದೂ ಗೊತ್ತಿರಲಿಲ್ಲವಲ್ಲ. ಎರಡನೇ ದಿನಕ್ಕೆ ಎಂಟರ ಆಕಾರದಲ್ಲಿ ಸುತ್ತು ಹೊಡೆದೆ ಕಣೆ, ಗೆರೆ ಎಳೆದ ಹಾಗೆ. ಅಪ್ಪ ನೋಡಬೇಕಿತ್ತು ಅನ್ನಿಸಿತು.

ಬೈಯಿ ಅಕ್ಕ.

ಮುದುಕಿ ನಡುಬೀದಿಗೆ ಬಂದಿರಲಿಲ್ಲ. ತನ್ನ ಮನೆ ಮೆಟ್ಟಿಲ ಮೇಲೆ ನಿಂತಿದ್ದಳು, ಎಡಗಡೆ. ಬೀದಿ ಪೂರ್ತಿ ಖಾಲಿ ಇತ್ತು, ಚರಂಡಿಗೆ ಎಷ್ಟೋ ಜಾಗ ಇತ್ತು. ಅವಳು ನೀರು ಚೆಲ್ಲೋಕೆ ಅಂತ ಬಗ್ಗಿದಳು. ಬಿದ್ದುಬಿಡುತ್ತಾಳೆ ಅನ್ನಿಸಿತು ನನಗೆ. ಕೈ ತನ್ನ ಪಾಡಿಗೆ ತಾನು ಬಲಕ್ಕೆ ಹೋಯಿತು. ಅವಳಿಂದ ದೂರ ಹೋಗೋಣ ಅಂತಲೇ ಎಳೆದೆ ಅಕ್ಕ. ಗಾಡಿ ಸೀದಾ ಅವಳ ಮೇಲೆ ಹೋಯಿತು. ಅವಳ ಸೀರೆಗೂ ಬಂಪರಿಗೂ ಮಧ್ಯೆ ಬಕೆಟ್ಟು ಇತ್ತು. ಬಕೆಟ್ಟು ಒಂದೇ ಇತ್ತು.

ಏನಾಯಿತಪ್ಪ ಅಂತ ಗೋಡೆ ತಡಕಾಡುತ್ತಾ ಕೇಳಿದಳು. ಕಾಣಲ್ಲವಲ್ಲ ಅವಳಿಗೆ. ನೀನು ಬೀದಿಗೆ ಬಂದುಬಿಟ್ಟಿದ್ದೆ ಅಜ್ಜಿ, ನಾನು ಗೋಡೆಗೆ ಕೊಟ್ಟು ನಿನ್ನ ಉಳಿಸಿದೆ ಅಂದೆ. ಬಾಯಿಗೆ ಬಂದುಬಿಟ್ಟಿತು. ಕಾಲು ತಪ್ಪಿ ಇಳಿದುಬಿಟ್ಟೆನೇನೋ ಅಂತ ನಂಬಿದಳು. ನನ್ನ ತಲೆ ಸವರಿದಳು, ಒದ್ದೆ ಕೈಯಲ್ಲಿ.

ಎಣ್ಣೆ ಬಾಯಿಗೆ ಹೋಗಿದ್ದು ಒಂದು ವಾರದ ಹಿಂದೆ. ಅವತ್ತೇ ಉಗುಳಿ ಬಾಯಿ ತೊಳೆದು ಎರಡು ಲೋಟ ಹಾಲು ಕುಡಿದಿದ್ದೆ, ಏನೂ ಆಗಿರಲಿಲ್ಲ. ಇಳಿಯದೇ ಇರುವುದು ಈ ಹಾಲು. ಎರಡು ದಿನ ಅವಳ ಎದುರಿಗೇ ಕುಡಿದು, ಬಂದು ಹಿತ್ತಲಲ್ಲಿ ಕಕ್ಕಿದೆ.

ಹಳೇ ಬಾಕ್ಸು ಆ ಗೋಣಿಚೀಲದ ಕೆಳಗಿದೆ, ಎಸೆದಿಲ್ಲ. ನಾಳೆ ಮಕ್ಕಳಿಗೆ ಬೇರೆ ಗಾಡಿ ಹೇಳಿಬಿಡು. ಕೀಲಿಕೈ ನನ್ನದೂ ತಗೋ, ಜೇಬಲ್ಲೇ ಇತ್ತು. ಸುಳ್ಳು ಹೇಳಿದೆ.

ಲೋಟ ಯಾಕೆ ನನ್ನ ಕಡೆ ಹಿಡಿದಿದ್ದೀಯ? ಕುಡಿಯೋಕೆ ಆಗಲ್ಲ ಅಂದೆನಲ್ಲ ಅಕ್ಕ. ...ಓ.

ಹೀಗೇ ತುಂಬಿದ್ದನ್ನೇ ನಾನು ಅವಳಿಗೆ ವಾಪಸ್ ಒಯ್ಯಬೇಕಾ? ಯಾಕೆ ಮಗಾ ಕುಡಿಯಲಿಲ್ಲ ಅಂತ ಕೇಳ್ತಾಳೆ ಅವಳು, ನಿಜ ಹೇಳಬೇಕಾಗುತ್ತೆ. ಹೊತ್ತು ಸಂಜೆಯಾಯಿತು, ಗುಮಾಸ್ತರೂ ಅಲ್ಲೇ ಜಗಲಿ ಮೇಲೆ ಕೂತಿರುತ್ತಾರೆ.

...ಸರಿ. ಕೊಡು.

ತಾಳು, ಕೈಯೆಲ್ಲ ಗ್ರೀಸು. ಮೊದಲು ಒರೆಸಿಕೊಳ್ತೀನಿ.