ಸುಳ್ಳು ಬೆರಳು

ಮುತ್ತು ಬೇಕಾದವರು ಮುಳುಗಲೇಬೇಕು ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಮುಳುಗಿದವರನ್ನು ಕಾಯುವವರು ಯಾರು? ಅದನ್ನು ಯಾರಾದರೂ ಕೇಳಿದ್ದೀರಾ? ಇಲ್ಲ. ಹಾಗಾದರೆ ಈ ಕಥೆ ಕೇಳಿ.

ಕಡಲ ದಂಡೆಯಲ್ಲೊಂದು ಊರು, ಆ ಊರಿಗೊಬ್ಬ ಶ್ರೀಮಂತ. ದೋಣಿಗಳಿದ್ದವು, ಮಂಜುಗಡ್ಡೆಯ ಕಾರ್ಖಾನೆಯಿತ್ತು, ಅವನ ಮಾತಿಗೆ ಎದುರು ಮಾತಿರಲಿಲ್ಲ. ಎಲ್ಲ ಇದ್ದವನ ಕಣ್ಣು ಇಲ್ಲದ್ದರ ಮೇಲೆಯೇ ಅಲ್ಲವೇ? ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಕಡಲೊಳಗಿಳಿದು ಬರುವವರನ್ನು ಒಂದು ದಿನ ಕಂಡ. ತಾನೂ ಇಳಿಯಬೇಕೆಂದು ಹಟ ಹಿಡಿದ. ಆ ವಿದ್ಯೆ ಕಲಿಸುವ ಹುಡುಗಿಯ ಬಳಿ ಹೋದ.

"ಒಬ್ಬರಿಗೇ ಕಲಿಸುದಿಲ್ಲ ಸಾವ್ಕಾರ್ರೇ. ಒಬ್ರು ಉಸಿರು ಹಿಡಿಯುವಾಗ ಇನ್ನೊಬ್ರು ಕಾಯ್ಬೇಕು. ಜೋಡಿ ಕರ್ಕೊಂಡು ಬನ್ನಿ" ಎಂದಳು ಅವಳು.

ಗೆಳೆಯರು ಯಾರೂ ಒಪ್ಪಲಿಲ್ಲ. ಕೊನೆಗೆ ಹೆಂಡತಿಯನ್ನು ಕರೆದ. "ನೀನೇ ಬಾ ಮಾರಾಯ್ತಿ. ಸುಮ್ಮನೆ ನಿಂತ್ರೆ ಸಾಕು."

ಸುಮ್ಮನೆ ನಿಲ್ಲುವುದು ಅವಳಿಗೆ ಹೊಸದೇ? ನೋಡಿ, ಜ್ವರದಲ್ಲಿ ಒಲೆಯ ಮುಂದೆ ನಿಂತಾಗಲೂ ಅವಳದು ಒಂದೇ ಮಾತು, "ನಂಗೆಂತ? ಚೆನ್ನಾಗಿದ್ದೇನೆ." ತಾಯಿ ತೀರಿಕೊಂಡ ಸುದ್ದಿ ಬಂದಾಗ ಮನೆ ತುಂಬ ನೆಂಟರು. ಅವರಿಗೆಲ್ಲ ಬಡಿಸಿ, ಕೈ ತೊಳೆದು, ಆಮೇಲೆ ಅತ್ತಳು. ಎಂಥ ತಾಳ್ಮೆ ಎಂದು ಊರು ಹೊಗಳಿತು. ನಾವೂ ಹೊಗಳುತ್ತೇವೆ, ಅಲ್ಲವೇ?

ಈಜುಕೊಳದ ಎದೆಮಟ್ಟದ ನೀರಿನಲ್ಲಿ ಪಾಠ ಶುರುವಾಯಿತು. ನಿಧಾನವಾಗಿ ಉಸಿರು ಬಿಡಿ, ದವಡೆ ಸಡಿಲ, ಭುಜ ಸಡಿಲ. ಒಂದು ತುಂಬು ಉಸಿರು ತೆಗೆದುಕೊಂಡು ಮುಖ ನೀರಿಗಿಟ್ಟು ತೇಲಿ. ಪಕ್ಕದಲ್ಲಿ ನಿಂತವರು ಆಗಾಗ ಭುಜ ತಟ್ಟಬೇಕು. ಚೆನ್ನಾಗಿದ್ದರೆ ತೇಲುವವರು ಒಂದು ಬೆರಳು ಎತ್ತಬೇಕು. ಬೆರಳು ಏಳದಿದ್ದರೆ ಇನ್ನೊಮ್ಮೆ ತಟ್ಟಬೇಕು. ಆಗಲೂ ಏಳದಿದ್ದರೆ? ಮುಖ ಹಿಡಿದು ಮೇಲೆತ್ತಬೇಕು, ತಡಮಾಡದೆ.

ಶ್ರೀಮಂತ ಕೆನ್ನೆ ಉಬ್ಬಿಸಿ, ಮುಷ್ಟಿ ಬಿಗಿದು ಮುಳುಗಿದ, ಮರುಕ್ಷಣವೇ ಬೊಬ್ಬೆ ಹೊಡೆಯುತ್ತ ಎದ್ದ. "ಈ ನೀರೇ ಸರಿ ಇಲ್ಲ!"

"ನೀರು ಸರಿ ಉಂಟು. ನೀವು ಅದರ ಹತ್ರ ಜಗಳಕ್ಕೆ ಹೋಗ್ತೀರಿ" ಎಂದಳು ಹುಡುಗಿ.

ಹೆಂಡತಿಯ ಸರದಿ ಬಂತು. ನೀರಿನೊಳಗೆ ಎಷ್ಟು ಸದ್ದಿಲ್ಲ! ಯಾರೂ ಕರೆಯುವುದಿಲ್ಲ, ಏನೂ ಕೇಳುವುದಿಲ್ಲ. ಗಂಡ ಬೇರೆತ್ತಲೋ ನೋಡುತ್ತ ಭುಜ ತಟ್ಟಿದ. ಬೆರಳೆತ್ತಿದಳು. ಹೊಟ್ಟೆ ಗಾಳಿಗಾಗಿ ಎಳೆಯತೊಡಗಿತು. ತಟ್ಟಿದ. ಬೆರಳೆತ್ತಿದಳು. ಎದ್ದಾಗ ತುಟಿ ಕಪ್ಪಿಟ್ಟಿತ್ತು.

"ಅಮ್ಮಾ, ಅಷ್ಟು ಕಷ್ಟ ಆಗ್ತಾ ಇತ್ತು, ಮತ್ತೆ ಬೆರಳು ಯಾಕೆ ಎತ್ತಿದ್ರಿ?" ಎಂದು ಕೇಳಿದಳು ಹುಡುಗಿ.

"ಅಭ್ಯಾಸ ಮಗಾ."

ಗಂಡ ಗಹಗಹಿಸಿದ. "ಅವಳಿಗೆಂತ ಆಗ್ತದೆ? ಗಟ್ಟಿ ಜೀವ!"

ಹುಡುಗಿ ನಗಲಿಲ್ಲ. "ಸುಳ್ಳು ಬೆರಳು ಎತ್ತಿದ್ರೆ ಕಾಯುವವರು ಇದ್ದೂ ಇಲ್ಲದ ಹಾಗೆ ಅಮ್ಮ. ಗಟ್ಟಿ ಜೀವಗಳೇ ನೀರಲ್ಲಿ ಹೋಗುದು."

ಚೆನ್ನಾಗಿ ಸುಧಾರಿಸಿಕೊಂಡ ಮೇಲೆ ಅವಳು ಮತ್ತೆ ಮುಖವನ್ನು ನೀರಿಗಿಟ್ಟಳು. ಮತ್ತೆ ಅದೇ ಮೌನ, ಮತ್ತೆ ಹೊಟ್ಟೆಯ ಎಳೆತ. ಭುಜದ ಮೇಲೆ ಗಂಡನ ಕೈ ಬಿತ್ತು. ಚೆನ್ನಾಗಿದ್ದೀಯಾ? ಬೆರಳು ತಾನಾಗಿಯೇ ಏಳಹೊರಟಿತು. ಇಷ್ಟು ವರ್ಷ ಎದ್ದ ಬೆರಳಲ್ಲವೇ? ಅವಳು ಅದನ್ನು ತಡೆದಳು. ಇಲ್ಲ, ನಾನು ಚೆನ್ನಾಗಿಲ್ಲ.

ಬಂಧುಗಳೇ, ಆ ಒಂದು ಬೆರಳನ್ನು ಎತ್ತದೆ ಇರುವುದಕ್ಕೆ ಅವಳಿಗೆ ಅರ್ಧ ಆಯಸ್ಸು ಬೇಕಾಯಿತು!

ಶ್ರೀಮಂತ ಮತ್ತೊಮ್ಮೆ ತಟ್ಟಿದ. ಬೆರಳು ಏಳಲಿಲ್ಲ. ಹುಡುಗಿ ಕೈ ಚಾಚುವ ಮೊದಲೇ ಎರಡೂ ಕೈಯಲ್ಲಿ ಹೆಂಡತಿಯ ಮುಖ ಹಿಡಿದು ಎತ್ತಿದ.

"ಉಸಿರಾಡು! ಹೋಯ್, ಉಸಿರಾಡು ಮಾರಾಯ್ತಿ! ಎಂತಾಯ್ತು ನಿಂಗೆ?"

ಅವಳು ಎದೆ ತುಂಬ ಗಾಳಿ ಎಳೆದುಕೊಂಡಳು. ಕೆಮ್ಮಿದಳು. ಆಮೇಲೆ ಕೊಳವೆಲ್ಲ ಕೇಳುವಂತೆ ನಕ್ಕಳು.

"ಕಷ್ಟ ಆಯ್ತು. ಅದಕ್ಕೇ ಬೆರಳು ಎತ್ತಲಿಲ್ಲ."

"ಮೊದಲೂ ಆಗ್ತಿತ್ತಾ?"

"ಆಗ್ತಿತ್ತು. ಮನೆಯಲ್ಲಿ ಇಷ್ಟು ವರ್ಷ ನೀವು ತಟ್ಟಿರಲಿಲ್ಲ. ನಾನೂ ಹೇಳಿರಲಿಲ್ಲ."

ಶ್ರೀಮಂತ ಅವಳ ಮುಖ ಹಿಡಿದ ಕೈಯನ್ನು ಬಿಡಲಿಲ್ಲ.

ಮುಂದೆ, ಕಡಲು ತಿಳಿಯಾಗಿದ್ದ ಒಂದು ಬೆಳಿಗ್ಗೆ, ಹಗ್ಗ ಹಿಡಿದು ಮೊದಲು ಇಳಿದವಳು ಅವಳೇ. ನೀರಿನಿಂದ ಕಣ್ಣು ಕೀಳದೆ ಕಾಯುತ್ತ ತೇಲುತ್ತಿದ್ದವನು ಊರಿಗೇ ದೊಡ್ಡ ಶ್ರೀಮಂತ! ಅವಳು ಮೇಲೆ ಬಂದು, ಉಸಿರೆಳೆದು, ಬೆರಳನ್ನು ಆಕಾಶಕ್ಕೆ ಎತ್ತಿದಳು. ಅದು ನಿಜವಾದ ಬೆರಳು. ದೋಣಿಯವರೆಲ್ಲ ತಿರುಗಿ ನೋಡುವಂತೆ ಶ್ರೀಮಂತ ಕೂಗು ಹಾಕಿದ.

ಈಗ ನಿಮ್ಮ ಮನೆಗೆ ಬನ್ನಿ. ಅಲ್ಲಿ ಉಸಿರು ಬಿಗಿಹಿಡಿದು ಬದುಕುತ್ತಿರುವವರು ಯಾರು? ತಾಯಿಯೇ, ತಮ್ಮನೇ, ಅಂಗಡಿಯಲ್ಲಿ ದುಡಿಯುವವನೇ? ಇವತ್ತು ಅವರ ಭುಜ ತಟ್ಟಿ. ಮೊಬೈಲು ನೋಡುತ್ತ ತಟ್ಟಬೇಡಿ, ಅವರ ಮುಖ ನೋಡುತ್ತ ತಟ್ಟಿ. "ನಂಗೆಂತ" ಎಂದರೆ ಇನ್ನೊಮ್ಮೆ ತಟ್ಟಿ. ಮತ್ತೆ, ಇಲ್ಲಿ ಸೆರಗಿನ ತುದಿ ಹಿಡಿದು ಕೂತ ಗಟ್ಟಿ ಜೀವಗಳೇ, ನಿಮಗೂ ಒಂದು ಮಾತು. ಯಾರಾದರೂ ಕೇಳಿದಾಗ ಸುಳ್ಳು ಬೆರಳು ಎತ್ತಬೇಡಿ. ನೀವು ಎತ್ತದಿದ್ದರೆ ತಾನೇ ಅವರು ನಿಮ್ಮನ್ನು ಎತ್ತುವುದು!